ಕತ್ತಿನ ಫ್ಯಾನು, ಮಲ್‌ಮಲ್ ನೈಟಿ, ಈಸ್ಟ್ರೊಜೆನ್ ಜೆಲ್: ಋತುಬಂಧದ ಝಳಕ್ಕೆ ಯಾವುದು ಒದಗಿತು?

ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 42, 43 ಡಿಗ್ರಿ ಮುಟ್ಟುವ ಇಂಥ ಊರಿನಲ್ಲಿ ಐವತ್ತರ ಅಂಚಿನ ಹೆಂಗಸೊಬ್ಬಳು ‘ನನಗೆ ಮೈಯೆಲ್ಲ ಕುದಿಯುತ್ತಿದೆ’ ಎಂದರೆ, ಎದುರಿಗಿದ್ದವರು ‘ಯಾರಿಗೆ ಕುದಿಯುತ್ತಿಲ್ಲ ಹೇಳಿ’ ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ. ಬೇಸಿಗೆಯ ಧಗೆ ಬೇರೆ, ಋತುಬಂಧದ ಹಾಟ್ ಫ್ಲಾಷ್ ಬೇರೆ ಎಂಬುದು ನನಗೆ ಖಾತ್ರಿಯಾದದ್ದು ಡಿಸೆಂಬರಿನಲ್ಲಿ. ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದಾಗ ನಾನು ಮಾತ್ರ ಹೊದಿಕೆ ಕಿತ್ತೆಸೆದು, ಶಹಾಬಾದ್ ಪರಸಿಯ ತಣ್ಣನೆಯ ನೆಲಕ್ಕೆ ಬೆನ್ನು ಹಚ್ಚಿ ಬಿದ್ದುಕೊಂಡಿರುತ್ತಿದ್ದೆ. ಎದೆಯ ನಡುವಿನಿಂದ ಝಳ ಏಳುತ್ತದೆ, ಕತ್ತು ದಾಟಿ ಕಿವಿಯ ತುದಿಯವರೆಗೆ ಹತ್ತುತ್ತದೆ, ಎದೆ ಡವಗುಟ್ಟುತ್ತದೆ, ತಲೆಯ ಬುಡದಿಂದ ಬೆವರು ಕಿತ್ತುಕೊಂಡು ಬರುತ್ತದೆ. ಕೆಲವೇ ನಿಮಿಷ. ಆಮೇಲೆ ಅದೇ ಮೈ ಗಡಗಡ ನಡುಗುತ್ತದೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮುಟ್ಟು ನಿಂತು ವರ್ಷ ದಾಟಿದೆ. ಈ ಝಳಕ್ಕೆಂದು ನಾನು ಕೊಂಡ, ಹೊಲಿಸಿದ, ನುಂಗಿದ, ಹಚ್ಚಿಕೊಂಡ ವಸ್ತುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ನನ್ನ ವಯಸ್ಸಿನವರು ಒಬ್ಬರಾದ ಮೇಲೆ ಒಬ್ಬರು ಬಂದು ಮೆಲ್ಲಗೆ ಕೇಳುತ್ತಿದ್ದಾರೆ, ‘ಟೀಚರ್, ನೀವು ಅದೇನೋ ಹಚ್ಚಿಕೊಳ್ಳುತ್ತೀರಂತಲ್ಲ, ಏನದು?’ ಎಂದು. ಮೆಲ್ಲಗೆ ಕೇಳಬೇಕಾದ ವಿಷಯ ಇದಲ್ಲ. ಆದ್ದರಿಂದ ಎಲ್ಲರಿಗೂ ಒಟ್ಟಿಗೆ, ಬಿಚ್ಚಿ ಹೇಳುತ್ತೇನೆ.

ವಸ್ತುಗಳ ಗುಣ ತೂಗುವ ಮೊದಲು ಮೈಯೊಳಗೆ ಏನಾಗುತ್ತದೆ ಎಂಬುದು ಗೊತ್ತಿರಬೇಕು, ಇಲ್ಲದಿದ್ದರೆ ಅಂಗಡಿಯವರು ಹೇಳಿದ್ದೆಲ್ಲ ನಿಜವೆನಿಸುತ್ತದೆ. ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ದೇಹದ ಉಷ್ಣತೆಯನ್ನು ಹಿಡಿತದಲ್ಲಿಡುವುದು ಅದರ ಕೆಲಸ. ಇಸ್ತ್ರಿ ಪೆಟ್ಟಿಗೆಯ ಥರ್ಮೊಸ್ಟಾಟ್ ತುಸು ಬಿಸಿ ಏರಿದರೂ ತಡೆದುಕೊಂಡು, ಒಂದು ಮಿತಿ ದಾಟಿದ ಮೇಲಷ್ಟೇ ‘ಟಿಕ್’ ಎನ್ನುವಂತೆ, ಈ ಭಾಗವೂ ಸಣ್ಣ ಏರಿಳಿತಗಳನ್ನು ಲೆಕ್ಕಿಸುವುದಿಲ್ಲ. ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಹಾರ್ಮೋನ್ ಇಳಿದಾಗ ಅಲ್ಲಿನ ಕೆಲವು ನರಕೋಶಗಳು ಮಿತಿಮೀರಿ ಚುರುಕಾಗುತ್ತವೆ. ಅವು ನ್ಯೂರೊಕೈನಿನ್ ಬಿ ಎಂಬ ಸಂದೇಶವಾಹಕವನ್ನು ಸುರಿಸುತ್ತವೆ, ಮೆದುಳು ಸಹಿಸಿಕೊಳ್ಳುತ್ತಿದ್ದ ಉಷ್ಣತೆಯ ಅಂತರ ಕಿರಿದಾಗುತ್ತದೆ. ಆಗ ಒಂದು ಡಿಗ್ರಿಯಲ್ಲಿ ಒಂದು ಪಾಲು ಹೆಚ್ಚಾದರೂ ಸಾಕು, ಮೆದುಳು ಗಾಬರಿಗೊಂಡು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಹರಿಸಿ, ಇರದ ಬಿಸಿಯನ್ನು ಹೊರಗಟ್ಟಲು ತೊಡಗುತ್ತದೆ. ಹೊರಟುಹೋದ ಶಾಖದ ಪರಿಣಾಮವೇ ಆಮೇಲಿನ ನಡುಕ. ಅಂದರೆ ತಪ್ಪು ಸಂದೇಶ ಹೊರಡುವುದು ಮೆದುಳಿನಿಂದ, ಚರ್ಮ ಅದನ್ನು ಪಾಲಿಸುತ್ತದೆ ಅಷ್ಟೇ. ಚರ್ಮವನ್ನು ತಣಿಸುವ ಯಾವ ವಸ್ತುವಿಗೂ ಒಂದು ಎಲ್ಲೆಯಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಮೊದಲು ಕೊಂಡದ್ದು ಕತ್ತಿಗೆ ಹಾಕಿಕೊಳ್ಳುವ ಚಾರ್ಜಿಂಗ್ ಫ್ಯಾನು. ಹೆಡ್‌ಫೋನ್ ಆಕಾರದ್ದು, ಎರಡೂ ತುದಿಯಿಂದ ಕೆನ್ನೆಯ ಕಡೆಗೆ ಗಾಳಿ ಬಿಡುತ್ತದೆ. ಇದರಲ್ಲಿ ಎರಡು ಬಗೆ. ರೆಕ್ಕೆ ಹೊರಗೆ ಕಾಣುವ ಅಗ್ಗದ್ದು ನಮ್ಮಂಥ ಉದ್ದ ಜಡೆಯವರಿಗೆ ಬೇಡವೇ ಬೇಡ. ಸಡಿಲವಾದ ಕೂದಲು ಜಾಲರಿಯೊಳಗೆ ಸಿಕ್ಕಿಕೊಳ್ಳುತ್ತದೆ. ರೆಕ್ಕೆ ಒಳಗಿದ್ದು, ಸೀಳುಗಳಿಂದ ಗಾಳಿ ಬಿಡುವ ಬಗೆಯನ್ನೇ ನಾನು ಆರಿಸಿಕೊಂಡೆ. ಅದಕ್ಕೂ ಒಂದು ತೊಂದರೆ ಇದೆ, ಮತ್ತು ಅದು ಸೀರೆ ಉಡುವವರಿಗೆ ಮಾತ್ರ ಗೊತ್ತಾಗುವಂಥದು. ಗಾಳಿಯನ್ನು ಒಳಗೆ ಎಳೆದುಕೊಳ್ಳುವ ರಂಧ್ರಗಳು ಹೊರಮೈಯಲ್ಲಿ, ಭುಜಕ್ಕೆ ತಾಗುವ ಕಡೆ ಇವೆ. ಎಡಭುಜದ ಮೇಲೆ ಸೆರಗಿನ ನೆರಿಗೆಗೆ ಪಿನ್ನು ಹಾಕಿದಿರೋ, ಆ ಬಟ್ಟೆ ರಂಧ್ರಗಳಿಗೆ ಅಂಟಿಕೊಂಡು ಎಡಗಡೆಯ ಗಾಳಿ ಅರ್ಧಕ್ಕರ್ಧ ಕುಗ್ಗುತ್ತದೆ. ಮೋಟಾರು ಮಾತ್ರ ಇನ್ನಷ್ಟು ಜೋರಾಗಿ ಗುಂಯ್‌ಗುಡುತ್ತದೆ. ಪಿನ್ನನ್ನು ಭುಜದ ಅಂಚಿಗೆ ಸರಿಸಿ ಹಾಕಿಕೊಂಡರೆ ಸರಿಹೋಗುತ್ತದೆ. ತಯಾರಕರು ಸೀರೆಯನ್ನು ನೋಡಿಯೇ ಇಲ್ಲ ಅನ್ನಿಸುತ್ತದೆ.

ಅದಕ್ಕಿಂತ ದೊಡ್ಡ ಮಿತಿ ಗಾಳಿಯದ್ದೇ. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಸರಿಸುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ತರಗತಿಯಲ್ಲಿ 28, 30 ಡಿಗ್ರಿ ಇದ್ದಾಗ ಈ ಫ್ಯಾನು ನಿಜಕ್ಕೂ ಹಿತ. ಝಳ ಕತ್ತಿಗೆ ಏರುವಷ್ಟರಲ್ಲಿ ಗುಂಡಿ ಒತ್ತಿದರೆ ಮುಖಕ್ಕೆ ತಣ್ಣಗಾಗಿ, ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಸುಧಾರಿಸಿಕೊಳ್ಳಬಹುದು. ಮೇ ತಿಂಗಳಿನಲ್ಲಿ ಹೊರಗೆ 42 ಇದ್ದಾಗ ಅದೇ ಫ್ಯಾನು ಬಿಸಿಗಾಳಿಯನ್ನು ಗದ್ದಕ್ಕೆ ಊದುತ್ತದೆ. ಆಗ ನೆರವಾಗುವುದು ಬೆವರು ಆರುವುದರಿಂದ ಸಿಗುವ ತಂಪು ಒಂದೇ. ಒದ್ದೆ ಕರವಸ್ತ್ರವನ್ನು ಕತ್ತಿಗೆ ಹಾಕಿ ಅದರ ಮೇಲೆ ಫ್ಯಾನು ಬಿಟ್ಟರೆ ಬೇಸಿಗೆಯಲ್ಲೂ ಕೆಲಸ ಮಾಡುತ್ತದೆ. ಶಾಲೆ, ಬಸ್ಸು, ಮದುವೆ ಮಂಟಪಗಳಿಗೆ ಒಳ್ಳೆಯದು. ಕರೆಂಟು ಹೋದ ರಾತ್ರಿಗಳಿಗೂ ಒಳ್ಳೆಯದು. ಝಳ ಬರುವುದನ್ನು ಅದು ತಪ್ಪಿಸುವುದಿಲ್ಲ, ಬಂದಾಗ ಸಾರ್ವಜನಿಕವಾಗಿ ಮಾನ ಉಳಿಸುತ್ತದೆ. ಅದಕ್ಕಾಗಿಯೇ ಅದು ನನ್ನ ಚೀಲದಲ್ಲಿ ಇಂದಿಗೂ ಇದೆ.

ರಾತ್ರಿಯ ಬೆವರಿಗೆ ಮಾತ್ರ ಅದು ಸಾಲದು. ನಿದ್ದೆಯಲ್ಲಿ ಝಳ ಬಂದು ಎಚ್ಚರವಾಗುವ ಹೊತ್ತಿಗೆ ನೈಟಿಯ ಬೆನ್ನು ಒದ್ದೆಯಾಗಿರುತ್ತದೆ, ಒದ್ದೆ ಬಟ್ಟೆಯಿಂದಲೇ ಚಳಿ ಹಿಡಿಯುತ್ತದೆ. ‘ಹತ್ತಿ ಹಾಕಿಕೊಳ್ಳಿ’ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅಂಗಡಿಯಲ್ಲಿ ಸಿಗುವ ದಪ್ಪ ಹತ್ತಿಯ ನೈಟಿ ಬೆವರು ಕುಡಿದು ಹಾಗೇ ಉಳಿಯುತ್ತದೆ, ಬೆಳಗಿನವರೆಗೂ ಆರುವುದಿಲ್ಲ. ಸೂಪರ್ ಮಾರ್ಕೆಟ್ ಕಡೆಯ ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ತೆಳುವಾದ ಮಲ್‌ಮಲ್ ತಂದು, ನಮ್ಮ ಓಣಿಯ ಟೈಲರ್ ಹತ್ತಿರ ಹೊಲಿಸಿದೆ. ಆಕೆಗೆ ಹೇಳಿದ್ದು ಇಷ್ಟು: ಎದೆಯ ಭಾಗಕ್ಕೆ ಅಸ್ತರು ಬೇಡ, ಕತ್ತಿಗೆ ಲೇಸು ಬೇಡ, ಮುಂದೆ ಹೊಟ್ಟೆಯವರೆಗೆ ಟಿಚ್ ಬಟನ್, ತೋಳು ಸಡಿಲ. ಟಿಚ್ ಬಟನ್ ಯಾಕೆಂದರೆ ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಹುಕ್ಕು ಹುಡುಕುತ್ತ ಕುಳಿತರೆ ನಿದ್ದೆ ಪೂರ್ತಿ ಹಾರಿಹೋಗುತ್ತದೆ. ಆಕೆ ಮೊದಲ ನೈಟಿಗೆ ಅಭ್ಯಾಸಬಲದಿಂದ ಅಸ್ತರು ಕೊಟ್ಟೇಬಿಟ್ಟಿದ್ದಳು. ಬಿಚ್ಚಿಸಿದ ಮೇಲೆ ವ್ಯತ್ಯಾಸ ಎಷ್ಟೆಂದರೆ, ಫ್ಯಾನಿನ ಕೆಳಗೆ ಕಾಲು ಗಂಟೆಯೊಳಗೆ ಬೆನ್ನು ಆರುತ್ತದೆ. ಮಲ್‌ಮಲ್‌ನ ದೋಷ ಬಾಳಿಕೆ. ಕಂಕುಳ ಬಳಿ ಬೇಗ ಪಿಸಿಯುತ್ತದೆ, ವಾಷಿಂಗ್ ಮಷೀನಿಗೆ ಹಾಕಿದರೆ ಇನ್ನೂ ಬೇಗ. ಆದರೂ ನಾನು ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ತಂದ ವಸ್ತು ಇದು. ಎರಡು ಹೊಲಿಸಿ, ಒಂದನ್ನು ಮೈಮೇಲೆ, ಇನ್ನೊಂದನ್ನು ದಿಂಬಿನ ಪಕ್ಕ ಇಟ್ಟುಕೊಳ್ಳಿ.

ಫೋಮ್ ಹಾಸಿಗೆಯ ಮೇಲೆ ಮಲಗುತ್ತಿದ್ದವಳು ಹತ್ತಿಯ ಗಾದಿಗೆ ಬಂದೆ. ಫೋಮ್ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮನೆಯವರಿಗೆ ಬೇರೆ ಹೊದಿಕೆ, ನನಗೆ ಬೇರೆ. ಏರ್ ಕೂಲರ್ ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಮಳೆ ಬಿದ್ದು ಹವೆಯಲ್ಲಿ ತೇವ ಹೆಚ್ಚಾದ ಮೇಲೆ ಅದರಿಂದ ಅಂಟು ಬೆವರೇ ಹೆಚ್ಚು. ಕೂಲರಿನ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ತೊಟ್ಟಿ ಉಜ್ಜಬೇಕು, ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ.

ಇನ್ನು ನುಂಗುವ ವಸ್ತುಗಳು. ನಮ್ಮ ವೈನಿ ಪುಣೆಯಿಂದ ಬರುವಾಗ ಸೋಯಾ ಐಸೊಫ್ಲೇವೋನ್ ಕ್ಯಾಪ್ಸೂಲಿನ ಡಬ್ಬಿ ತಂದುಕೊಟ್ಟರು. ‘ಇದು ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ, ತೆಗೆದುಕೊಳ್ಳಿ’ ಎಂದರು. ಪ್ರೀತಿಯಿಂದ ಕೊಟ್ಟದ್ದು, ಡಬ್ಬಿ ಮುಗಿಯುವವರೆಗೂ ತೆಗೆದುಕೊಂಡೆ. ಝಳದ ಬಗ್ಗೆ ನಾನು ಇಡುತ್ತಿದ್ದ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ. ಇದು ನನ್ನೊಬ್ಬಳ ಅನುಭವವಾಗಿದ್ದರೆ ಬರೆಯುತ್ತಿರಲಿಲ್ಲ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಹಾರ್ಮೋನ್ ಅಲ್ಲದ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಸೋಯಾ ಸಾರ, ಬ್ಲ್ಯಾಕ್ ಕೋಹೋಶ್ ಎಂಬ ಮೂಲಿಕೆ ಮೊದಲಾದ ಪೂರಕಗಳನ್ನು ಹಾಟ್ ಫ್ಲಾಷ್‌ಗೆ ಶಿಫಾರಸು ಮಾಡಲಾಗದು ಎಂದೇ ಹೇಳಿದೆ. ಅಗಸೆಯನ್ನೂ ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. ಕೆಲವರಿಗೆ ಅಗಸೆಯ ಬಾರ್, ಕೆಲವರಿಗೆ ಅಗಸೆ ಇಲ್ಲದ ಬಾರ್ ಕೊಟ್ಟರು; ಎರಡೂ ಗುಂಪಿನಲ್ಲಿ ಝಳ ಒಂದೇ ಪ್ರಮಾಣದಲ್ಲಿ ಇಳಿಯಿತು. ಈ ಮಾತು ತುಂಬ ಮುಖ್ಯ. ಏನೂ ಇಲ್ಲದ ಗುಳಿಗೆ ಕೊಟ್ಟರೂ ಹಾಟ್ ಫ್ಲಾಷ್ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ, ಆದ್ದರಿಂದಲೇ ‘ನನಗೆ ಇದರಿಂದ ಗುಣವಾಯಿತು’ ಎಂಬ ಸಾಕ್ಷಿ ಪ್ರತಿಯೊಂದು ಪುಡಿಗೂ ಸಿಗುತ್ತದೆ. ಅಗಸೆ ಹಿಂಡಿಯನ್ನು ನಾನು ದಿನವೂ ಬಿಸಿ ರೊಟ್ಟಿಗೆ ಹಚ್ಚಿ ತಿನ್ನುತ್ತೇನೆ, ರುಚಿಗಾಗಿ, ಹೊಟ್ಟೆಗಾಗಿ. ಔಷಧಿಯೆಂದು ಡಬ್ಬಿಯಲ್ಲಿ ತುಂಬಿ ದುಬಾರಿ ಬೆಲೆಗೆ ಮಾರಿದರೆ ಕೊಳ್ಳುವುದಿಲ್ಲ.

ಯೋಗದ ಬಗ್ಗೆಯೂ ನೇರವಾಗಿ ಹೇಳಬೇಕು. ಪ್ರಾಣಾಯಾಮ ಮಾಡಿದ ದಿನ ಎದೆಯ ಡವಡವ ಬೇಗ ಇಳಿಯುತ್ತದೆ, ಮನಸ್ಸು ಕಂಗೆಡುವುದಿಲ್ಲ. ಝಳ ಬರುವ ಸಲ ಕಡಿಮೆಯಾಗಲಿಲ್ಲ. ಎಲುಬಿಗೆ, ನಿದ್ದೆಗೆ, ನೆಮ್ಮದಿಗೆ ಮಾಡಿ, ಖಂಡಿತ ಮಾಡಿ.

ಇಷ್ಟಾದ ಮೇಲೆ ವೈದ್ಯರು. ಮೊದಲು ಹೋದ ಕಡೆ ಕುರ್ಚಿ ಎಳೆದು ಕೂರುವ ಮುಂಚೆಯೇ ಉತ್ತರ ಬಂತು: ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ, ಒಂದೆರಡು ವರ್ಷ ಸಹಿಸಿಕೊಳ್ಳಿ.’ ಚೀಟಿಯಲ್ಲಿ ಒಂದು ಪ್ರೋಟೀನ್ ಪುಡಿ. ಆ ‘ಒಂದೆರಡು ವರ್ಷ’ದ ಮಾತು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಅಧ್ಯಯನ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಪದೇ ಪದೇ ಹಾಟ್ ಫ್ಲಾಷ್ ಬರುವವರಲ್ಲಿ ಅದು ಉಳಿಯುವ ಅವಧಿಯ ಮಧ್ಯಬಿಂದು 7.4 ವರ್ಷ, ಅಂದರೆ ಅರ್ಧದಷ್ಟು ಹೆಂಗಸರಿಗೆ ಅದಕ್ಕಿಂತಲೂ ಹೆಚ್ಚು. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46, 47ರ ಸುಮಾರಿಗೆ, ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲು. ಅಂದರೆ ಕೆಲಸ, ಮಕ್ಕಳ ಓದು, ಅತ್ತೆ ಮಾವಂದಿರ ಆರೈಕೆ ಎಲ್ಲವೂ ಹೆಗಲ ಮೇಲಿರುವ ಹೊತ್ತಿನಲ್ಲಿ ಏಳು ವರ್ಷ ನಿದ್ದೆ ಇಲ್ಲದೆ ಕಳೆಯಿರಿ ಎಂದ ಹಾಗಾಯಿತು.

ಎರಡನೆಯ ಡಾಕ್ಟರ್ ಮೇಡಂ ನನ್ನ ದಿನಚರಿಯನ್ನು ಹಾಳೆ ತಿರುವಿ ಓದಿದರು. ಚಹಾ ಕುಡಿದ ಮೇಲೆ, ಒಲೆಯ ಮುಂದೆ ರೊಟ್ಟಿ ಬಡಿಯುವಾಗ, ರಾತ್ರಿ ಎರಡರ ಸುಮಾರಿಗೆ ಎಂದೆಲ್ಲ ನಾನು ಬರೆದದ್ದರ ಕೆಳಗೆ ಗೆರೆ ಎಳೆದರು. ‘ಟೀಚರ್, ತೂಕ ಇಳಿದಿದೆಯೇ? ಸಂಜೆ ಹೊತ್ತು ಜ್ವರ? ಕೆಮ್ಮು?’ ಎಂದು ಕೇಳಿದರು. ರಾತ್ರಿ ಬೆವರುವುದು ಕ್ಷಯದ ಲಕ್ಷಣವೂ ಆಗಬಹುದು, ಥೈರಾಯ್ಡ್ ಹೆಚ್ಚಾದಾಗಲೂ ಹೀಗೇ ಎದೆ ಬಡಿದು ಬೆವರುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿದರೂ ಬೆವರು ಬರುತ್ತದೆ. ಅವನ್ನೆಲ್ಲ ಬದಿಗಿಟ್ಟ ಮೇಲೆಯೇ ಋತುಬಂಧ ಎನ್ನಬೇಕು ಎಂದರು. ಥೈರಾಯ್ಡ್, ಸಕ್ಕರೆ, ಕೊಬ್ಬಿನ ಪರೀಕ್ಷೆ, ಬಿಪಿ, ಗರ್ಭಕೋಶದ ಸ್ಕ್ಯಾನಿಂಗ್, ಮ್ಯಾಮೋಗ್ರಾಂ ಆದವು. ಹಾರ್ಮೋನ್ ಮಟ್ಟ ಅಳೆಯುವ ರಕ್ತ ಪರೀಕ್ಷೆ ಬೇಕೇ ಎಂದು ಕೇಳಿದ್ದಕ್ಕೆ, ನಲವತ್ತೈದು ದಾಟಿ ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ ಎಂದು ಆ ಖರ್ಚು ಉಳಿಸಿದರು. ಆಮೇಲೆ ಬರೆದುಕೊಟ್ಟದ್ದು ಈಸ್ಟ್ರಡಯೋಲ್ ಎಂಬ ಈಸ್ಟ್ರೊಜೆನ್‌ನ ಜೆಲ್, ಜೊತೆಗೆ ರಾತ್ರಿ ಮಲಗುವಾಗ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ (ಮೈಕ್ರೊನೈಸ್ಡ್, ಅಂದರೆ ನುಣ್ಣಗೆ ಪುಡಿ ಮಾಡಿದ) ಒಂದು ಕ್ಯಾಪ್ಸೂಲ್.

‘ಹಾರ್ಮೋನ್’ ಎಂದೊಡನೆ ನಮ್ಮವ್ವ ಹೌಹಾರಿದಳು. ‘ಕ್ಯಾನ್ಸರ್ ಬರುತ್ತದಂತೆ, ಬೇಡ’ ಎಂದಳು. ಈ ಭಯಕ್ಕೆ ಒಂದು ಇತಿಹಾಸವಿದೆ. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ದೊಡ್ಡ ಪ್ರಯೋಗದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. ಎರಡು ಹಾರ್ಮೋನ್ ಒಟ್ಟಿಗೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತ್ತು: ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಆಗುವ ಕಡೆ 38. ಹೆಚ್ಚಳ ನಿಜ, ಆದರೆ ಎಂಟು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63, ಅವರು ನುಂಗಿದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಕೃತಕ ಪ್ರೊಜೆಸ್ಟಿನ್. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಈಗಿನ ತಿಳಿವಳಿಕೆ ಹೀಗಿದೆ: 60 ವರ್ಷದೊಳಗಿನವರಿಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗಿನವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ತೊಂದರೆ ಕೊಡುವ ಹಾಟ್ ಫ್ಲಾಷ್‌ಗೆ ಹಾರ್ಮೋನ್ ಚಿಕಿತ್ಸೆಯ ಲಾಭ ಅಪಾಯಕ್ಕಿಂತ ಹೆಚ್ಚು. ಗುಳಿಗೆಯಾಗಿ ನುಂಗಿದ ಈಸ್ಟ್ರೊಜೆನ್ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ನೇರ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಕಡಿಮೆ. ತುಸು ದಪ್ಪ ಮೈಯ ನನಗೆ ಗುಳಿಗೆ ಬಿಟ್ಟು ಜೆಲ್ ಕೊಟ್ಟದ್ದು ಅದಕ್ಕೇ. ಪ್ರೊಜೆಸ್ಟರಾನ್ ಯಾಕೆಂದರೆ, ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರ ದಪ್ಪವಾಗುತ್ತ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಅವ್ವನಿಗೆ ಇದನ್ನೆಲ್ಲ ರೊಟ್ಟಿ ಬಡಿಯುತ್ತಲೇ ಹೇಳಿದೆ. ಎಂಟರ ಲೆಕ್ಕ ಅವಳಿಗೆ ಒಪ್ಪಿಗೆಯಾಯಿತು, ಕುದುರೆಯ ವಿಷಯ ಮಾತ್ರ ಒಪ್ಪಿಗೆಯಾಗಲಿಲ್ಲ.

ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದಕ್ಕೆ ಕೈ ಹಾಕಬಾರದು. ನನ್ನ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ತೆಗೆದುಕೊಳ್ಳುವುದಂತೂ ಬೇಡವೇ ಬೇಡ.

ಈಗ ಜೆಲ್. ನೋಡಲು ಸ್ವಚ್ಛ ಪಾರದರ್ಶಕ, ಮುಟ್ಟಿದರೆ ತಣ್ಣಗೆ, ವಾಸನೆ ಸ್ಯಾನಿಟೈಸರಿನದೇ, ಏಕೆಂದರೆ ಇದರಲ್ಲೂ ಆಲ್ಕೋಹಾಲ್ ಇದೆ. ಸ್ನಾನ ಮಾಡಿ ಮೈ ಪೂರ್ತಿ ಒರೆಸಿಕೊಂಡ ಮೇಲೆ, ಹೇಳಿದಷ್ಟನ್ನೇ ಅಳೆದು, ತೋಳಿನ ಹೊರಭಾಗಕ್ಕೆ ಭುಜದಿಂದ ಮೊಣಕೈಯವರೆಗೆ ತೆಳುವಾಗಿ ಹರಡಬೇಕು. ತೊಡೆಗೂ ಹಚ್ಚಬಹುದು. ಎದೆಗೆ ಮಾತ್ರ ಎಂದಿಗೂ ಹಚ್ಚಬಾರದು. ಉಜ್ಜಿ ಇಂಗಿಸುವ ಅಗತ್ಯವಿಲ್ಲ. ನಮಗೆ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ, ಆದರೆ ಇದು ಅಗಲವಾಗಿ ಹರಡಿದಷ್ಟೂ ಚೆನ್ನ. ಐದು ನಿಮಿಷ ಆರಲು ಬಿಟ್ಟು ಕುಪ್ಪಸ ಹಾಕಿಕೊಳ್ಳಬೇಕು. ಹಚ್ಚಿದ ಮೇಲೆ ಒಂದು ಗಂಟೆಯಾದರೂ ಆ ಜಾಗ ತೊಳೆಯಬಾರದು, ಕೈಯನ್ನು ಮಾತ್ರ ತಕ್ಷಣ ಸೋಪು ಹಾಕಿ ತೊಳೆಯಬೇಕು. ಆರುವ ಮುಂಚೆ ಗ್ಯಾಸ್ ಒಲೆಯ ಹತ್ತಿರ ಸುಳಿಯಬಾರದು, ಅದು ಬೆಂಕಿ ಹತ್ತುವ ವಸ್ತು. ಬೆಳಿಗ್ಗೆ ಎದ್ದ ಕೂಡಲೇ ಒಲೆ ಹಚ್ಚುವ ನಮ್ಮ ಮನೆಗಳಿಗೆ ಇದು ದೊಡ್ಡ ಮಾತು. ನಾನು ಮೊದಲು ರೊಟ್ಟಿ ಮುಗಿಸಿ, ಆಮೇಲೆ ಸ್ನಾನ, ಆಮೇಲೆ ಜೆಲ್ ಎಂದು ಕ್ರಮವನ್ನೇ ಬದಲಿಸಿಕೊಂಡೆ. ನಾದಿನಿಯ ಪುಟ್ಟ ಮಗು ನಮ್ಮ ಮನೆಗೆ ಬಂದಾಗ ಉದ್ದ ತೋಳಿನ ಕುಪ್ಪಸ ಹಾಕಿಕೊಳ್ಳುತ್ತೇನೆ. ಹಚ್ಚಿದ ಚರ್ಮ ಮಗುವಿನ ಮೈಗೆ ತಾಗಿದರೆ ಹಾರ್ಮೋನ್ ಅದಕ್ಕೂ ಹೋಗುತ್ತದೆ.

ಪರಿಣಾಮ ಮರುದಿನವೇ ಕಾಣುವುದಿಲ್ಲ. ಮೊದಮೊದಲು ಸ್ತನಗಳು ನೋಯುತ್ತಿದ್ದವು, ಒಂದೆರಡು ಸಲ ಚುಕ್ಕೆ ರಕ್ತ ಕಂಡಿತು. ಮೊದಲ ತಿಂಗಳುಗಳಲ್ಲಿ ಹೀಗಾಗಬಹುದೆಂದು ಮೇಡಂ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಆರು ತಿಂಗಳು ದಾಟಿಯೂ ರಕ್ತ ಕಂಡರೆ, ಅಥವಾ ಹೆಚ್ಚು ಹೋದರೆ, ತಡ ಮಾಡದೆ ತೋರಿಸಬೇಕು. ಮೊದಲ ತಿಂಗಳು ಮುಗಿಯುತ್ತಿದ್ದಂತೆ ರಾತ್ರಿಯ ಝಳ ಸಡಿಲಾಯಿತು. ಮೂರನೆಯ ತಿಂಗಳಿಗೆ ದಿನಚರಿಯಲ್ಲಿ ಬರೆಯಲು ಏನೂ ಇಲ್ಲದ ದಿನಗಳೇ ಹೆಚ್ಚಾದವು. ಹಾಟ್ ಫ್ಲಾಷ್‌ಗೆ ಈಸ್ಟ್ರೊಜೆನ್‌ನಷ್ಟು ಪರಿಣಾಮಕಾರಿಯಾದದ್ದು ಬೇರೆ ಇಲ್ಲ, ಝಳದ ಸಂಖ್ಯೆ ಸರಾಸರಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಪ್ರೊಜೆಸ್ಟರಾನ್ ಕ್ಯಾಪ್ಸೂಲಿಗೆ ತುಸು ನಿದ್ದೆ ತರಿಸುವ ಗುಣವಿದೆ, ಅದಕ್ಕೇ ರಾತ್ರಿ ಕೊಡುತ್ತಾರೆ. ನನಗೆ ಬೆಳಗಿನವರೆಗೆ ಒಂದೇ ನಿದ್ದೆ. ಹತ್ತನೆಯ ತರಗತಿಯ ಮಕ್ಕಳ ಮೇಲೆ ವಿನಾಕಾರಣ ರೇಗುವುದು ನಿಂತಿತು. ಇದನ್ನು ನಾನು ಹೇಳುವ ಮೊದಲೇ ಮಕ್ಕಳೇ ಗಮನಿಸಿದ್ದರು.

ಜೆಲ್‌ಗೂ ದೂರುಗಳಿವೆ. ನಮ್ಮ ಓಣಿಯ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ, ಹೇಳಿ ತರಿಸಬೇಕು. ಹೀಗಾಗಿ ಮುಗಿಯುವ ವಾರಕ್ಕೆ ಮುಂಚೆಯೇ ಹೇಳಿಡುವುದು ರೂಢಿಯಾಗಿದೆ. ಅಂಗಡಿ ಹುಡುಗ ಹೆಸರನ್ನು ಗಟ್ಟಿಯಾಗಿ ಕೂಗಿ, ‘ಯಾರಿಗೆ ಇದು?’ ಎಂದು ಕೇಳಿದ. ‘ನನಗೆ’ ಎಂದು ಅಷ್ಟೇ ಗಟ್ಟಿಯಾಗಿ ಹೇಳಿದೆ. ಬೇಸಿಗೆಯಲ್ಲಿ ಬಿಸಿಲು ತಾಗುವ ಕಿಟಕಿಯ ಬಳಿ ಇಟ್ಟರೆ ಕೆಡುತ್ತದೆ. ನಡುಮನೆಯ ಗೋಡೆಗೂಡಿನ ಕೆಳಹಲಗೆ ತಂಪಾಗಿರುವುದರಿಂದ ಅಲ್ಲಿಡುತ್ತೇನೆ. ಬೆವರುವ ಮೈಗೆ ಹಚ್ಚಿದರೆ ಜಾರಿ ಇಳಿಯುತ್ತದೆ, ಆದ್ದರಿಂದ ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ನಿಂತು ಮೈ ಪೂರ್ತಿ ಆರಿದ ಮೇಲೆಯೇ ಹಚ್ಚಬೇಕು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ತಾಂಡಾದಿಂದ ಬರುವ ಲಂಬಾಣಿ ಹೆಣ್ಣುಮಗಳು. ನನಗಿಂತ ಬಹಳ ಚಿಕ್ಕವಳು. ದೊಡ್ಡ ಪಾತ್ರೆಯ ಮುಂದೆ ನಿಂತು ಸಾಂಬಾರು ತಿರುವುತ್ತ ಒಮ್ಮೊಮ್ಮೆ ಹಟ್ಟನೆ ಹೊರಗೆ ಓಡಿಬರುತ್ತಿದ್ದಳು. ಬೆಂಕಿಯ ಬಿಸಿ ಎಂದೇ ಎಲ್ಲರೂ ಭಾವಿಸಿದ್ದೆವು. ಕೇಳಿದಾಗ ಹೇಳಿದಳು, ಮೂವತ್ತು ತುಂಬುವ ಮುಂಚೆಯೇ ಹೊಟ್ಟೆನೋವಿಗೆಂದು ಹೋದವಳ ಗರ್ಭಚೀಲ ತೆಗೆದು ಕಳಿಸಿದ್ದಾರೆ, ಅಂಡಾಶಯಗಳನ್ನೂ ಸೇರಿಸಿ. ನಮ್ಮ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದು ತನಿಖೆಯಾದದ್ದು ನಿಮಗೆ ನೆನಪಿರಬಹುದು. ಅಂಡಾಶಯ ತೆಗೆದ ಮೇಲೆ ಈಸ್ಟ್ರೊಜೆನ್ ವರ್ಷಗಳಲ್ಲಿ ಇಳಿಯುವುದಿಲ್ಲ, ದಿನಗಳಲ್ಲಿ ಇಳಿಯುತ್ತದೆ. ಝಳ ಅಷ್ಟೇ ಉಗ್ರ. ಅಂಥವರಿಗೆ ಹಾರ್ಮೋನ್ ಬೇಕಿರುವುದು ಸೆಕೆಗಾಗಿ ಮಾತ್ರವಲ್ಲ, ಎಲುಬು ಮತ್ತು ಹೃದಯಕ್ಕಾಗಿ. ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಕೊಡಬೇಕೆಂಬುದೇ ವೈದ್ಯಕೀಯ ಸಲಹೆ, ಗರ್ಭಕೋಶವಿಲ್ಲದ್ದರಿಂದ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕತ್ತಿನ ಫ್ಯಾನು ಕೊಡಿಸಿ ಸಮಾಧಾನಪಡುವ ಪ್ರಕರಣ ಇದಲ್ಲವೆಂದು ಅವಳನ್ನು ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಕರೆದುಕೊಂಡು ಹೋದೆ. ಈಗ ಅಲ್ಲಿಯೇ ಚಿಕಿತ್ಸೆ ನಡೆಯುತ್ತಿದೆ.

ಹಾರ್ಮೋನ್ ತೆಗೆದುಕೊಳ್ಳಲಾಗದವರೂ ಕೈಚೆಲ್ಲಿ ಕೂರಬೇಕಿಲ್ಲ. ಖಿನ್ನತೆಗೆ ಕೊಡುವ ವೆನ್ಲಾಫಾಕ್ಸಿನ್, ಪರಾಕ್ಸಟೀನ್ ಕಡಿಮೆ ಪ್ರಮಾಣದಲ್ಲಿ ಝಳವನ್ನು ಇಳಿಸುತ್ತವೆ. ರಾತ್ರಿಯ ಬೆವರಿಗೆ ಗ್ಯಾಬಪೆಂಟಿನ್ ಕೊಡುವುದೂ ಉಂಟು. ಸ್ತನ ಕ್ಯಾನ್ಸರಿಗೆ ಟಾಮೋಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಪರಾಕ್ಸಟೀನ್ ಅದರ ಕೆಲಸಕ್ಕೆ ಅಡ್ಡಬರುತ್ತದೆ. ನಾನು ಮೇಲೆ ಹೇಳಿದ ನ್ಯೂರೊಕೈನಿನ್ ಬಿ ಸಂದೇಶವನ್ನೇ ತಡೆಯುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ ಅಮೆರಿಕ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದೆ. ಅದನ್ನು ತೆಗೆದುಕೊಳ್ಳುವವರು ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು.

ಒಂದು ಬೇಡಿಕೆ ಜೆಲ್ ತಯಾರಿಸುವವರಿಗೆ. ಡಬ್ಬಿಯೊಳಗೆ ಮಡಚಿಟ್ಟ ಹಾಳೆ ಇದೆ, ಅಕ್ಷರ ಇರುವೆಗಣ್ಣಿನಷ್ಟು, ಭಾಷೆ ಪೂರ್ತಿ ಇಂಗ್ಲಿಷ್. ನಮ್ಮ ಅಡುಗೆಯವಳಂಥವರಿಗೆ ಅದರಿಂದ ಏನು ಪ್ರಯೋಜನ? ಅವಳಿಗೆ ನಾನೇ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಮಗನ ಕೈಯಲ್ಲಿ ಓದಿಸಿ, ಗೋಡೆಗೆ ಅಂಟಿಸಿಕೊಟ್ಟೆ: ತೋಳಿಗೆ ಇಲ್ಲವೇ ತೊಡೆಗೆ ಮಾತ್ರ, ಎದೆಗೆ ಬೇಡ. ಆರುವವರೆಗೆ ಒಲೆಯ ಹತ್ತಿರ ಹೋಗಬೇಡ. ಕೈ ತೊಳೆದುಕೊ, ಹಚ್ಚಿದ ಜಾಗ ಮಕ್ಕಳಿಗೆ ತಾಗದಿರಲಿ. ಕಾಲು ಊದಿ ನೋವಾದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಬಾ. ಇಷ್ಟನ್ನು ಕಂಪನಿಯವರೇ ಡಬ್ಬಿಯ ಮೇಲೆ ಕನ್ನಡದಲ್ಲಿ ಮುದ್ರಿಸಲಿ.